ಐದು ಲಕ್ಷ ಅಂತ ಗೊತ್ತು, ಯಾವ ಬಾಗಿಲಿಗೆ ಹೋಗಬೇಕು ಅಂತ ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಅದೂ ಮದುವೆಗಳ ಸೀಸನ್‌ನಲ್ಲಿ, ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು.

2018ರ ಜುಲೈನಲ್ಲಿ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ತುಮಕೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆ. ಅರವತ್ತು ದಾಟಿದ ಒಬ್ಬ ಅಮ್ಮ ನನ್ನ ಮೇಜಿನ ಹತ್ತಿರ ಬಂದರು. ಅವರ ಯಜಮಾನರಿಗೆ ಹಾರ್ಟ್ ಆಪರೇಷನ್ ಆಗಬೇಕು ಅಂತ ಡಾಕ್ಟರ್ ಹೇಳಿದ್ದರು, ಅವರು ಹೊರಗೆ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದರು. ಈ ಅಮ್ಮ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಮೊದಲು ಯಶಸ್ವಿನಿ ಕಾರ್ಡು, ಸಹಕಾರ ಸಂಘದ ರೈತರ ಆರೋಗ್ಯ ವಿಮೆಯದ್ದು. ಆಮೇಲೆ ಸ್ವಾಸ್ಥ್ಯ ಬಿಮಾ ಯೋಜನೆಯ ಸ್ಮಾರ್ಟ್ ಕಾರ್ಡು. ಆಮೇಲೆ ಯಾವುದೋ ಪಕ್ಷದವರು ಚುನಾವಣೆಗೆ ಮುಂಚೆ ಮನೆಗೆ ಬಂದು ಕೊಟ್ಟಿದ್ದ ಒಂದು ಬಣ್ಣದ ಚೀಟಿ, ಅದರಲ್ಲಿ ನಾಯಕರ ಫೋಟೋ, ಕೆಳಗೆ 'ಉಚಿತ ಆರೋಗ್ಯ' ಅಂತ ದೊಡ್ಡಕ್ಷರ. ಮೂರನ್ನೂ ಇಟ್ಟು ಕೇಳಿದರು, "ಸ್ವಾಮಿ, ಇದ್ರಲ್ಲಿ ಯಾವ್ದು ಈಗ ನಡೀತದೆ?"

ಮೂರೂ ನಡೆಯುತ್ತಿರಲಿಲ್ಲ. ಯಶಸ್ವಿನಿ ಅದೇ ವರ್ಷ ಮೇ ಕೊನೆಗೆ ನಿಂತಿತ್ತು. ಅದರ ಬದಲು ಬಂದಿದ್ದ ಆರೋಗ್ಯ ಕರ್ನಾಟಕ ಯೋಜನೆಗೆ ಅವರಿಗೆ ಬೇಕಾಗಿದ್ದದ್ದು ಬಿಪಿಎಲ್ ರೇಷನ್ ಕಾರ್ಡು ಮತ್ತು ಆಧಾರ್. ರೇಷನ್ ಕಾರ್ಡ್ ತಂದಿದ್ದೀರಾ ಅಂದೆ. "ಅದು ಅಕ್ಕಿಗಲ್ವಾ?" ಅಂದರು. ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಇತ್ತಂತೆ. ಅದನ್ನು ತರಲು ಇಪ್ಪತ್ತು ಕಿಲೋಮೀಟರ್ ವಾಪಸ್ ಹೋಗಬೇಕಾಯಿತು.

ನಾನು ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಸರ್ಕಾರದ ಯೋಜನೆಗಳನ್ನು ಜನರಿಗೆ ಹೇಳುವುದೇ ನನ್ನ ಕೆಲಸವಾಗಿತ್ತು. ಗೋಡೆ ಬರಹ, ಕರಪತ್ರ, ಜಾಥಾ, ಆಟೋಗೆ ಮೈಕ್ ಕಟ್ಟಿ ಊರೂರು ಸುತ್ತುವುದು, ಎಲ್ಲಾ ಮಾಡಿದ್ದೇನೆ. ಎಲ್ಲಾ ಪಕ್ಷಗಳ ಸರ್ಕಾರದಲ್ಲೂ ಮಾಡಿದ್ದೇನೆ. ಹಾಗಾಗಿ ಇವತ್ತು ಒಂದು ಪಕ್ಷವನ್ನು ಹೊಗಳಿ ಇನ್ನೊಂದನ್ನು ತೆಗಳುವ ಉದ್ದೇಶ ನನಗಿಲ್ಲ. ಹೇಳಬೇಕಾಗಿರುವುದು ಇಷ್ಟೇ. ಆರೋಗ್ಯದ ಹೊಸ ಯೋಜನೆ ಬಂದಾಗ ಪಕ್ಷಗಳು ಮೊತ್ತ ಹೇಳುತ್ತವೆ, ಹೆಸರು ಹೇಳುತ್ತವೆ, ಫೋಟೋ ಹಾಕುತ್ತವೆ. ದಾರಿ ಹೇಳುವುದಿಲ್ಲ. ಕಾಯಿಲೆ ಬಿದ್ದವರಿಗೆ ಬೇಕಾಗಿರುವುದು ದಾರಿ.

ಯಶಸ್ವಿನಿಯನ್ನೇ ನೋಡಿ. ಎಸ್.ಎಂ. ಕೃಷ್ಣ ಅವರ ಸರ್ಕಾರ, ಡಾ. ದೇವಿ ಶೆಟ್ಟಿ ಅವರ ಯೋಚನೆ, 2003ರ ಜೂನ್‌ನಿಂದ ಜಾರಿ. ತಲೆಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಟಿವಿ ನೋಡಿ ಸೇರಿದರಾ? ನಾನಿದ್ದ ಊರುಗಳಲ್ಲಿ ಇಲ್ಲ. ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದಾಗ ಸೆಕ್ರೆಟರಿ ಹೇಳುತ್ತಿದ್ದರು, "ಬಟವಾಡೆಯಲ್ಲಿ ಹಿಡ್ಕೊಳ್ಳಲಾ?" ಅಂತ. ಅವರನ್ನು ಜನ ದಿನಾ ನೋಡುತ್ತಾರೆ, ಅವರ ಮನೆ ಗೊತ್ತು, ಮೋಸ ಆದರೆ ಹೋಗಿ ಕೇಳಬಹುದು. ದುಡ್ಡು ಕೊಟ್ಟರೆ ಕೈಗೆ ರಸೀದಿ ಬರುತ್ತಿತ್ತು. ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವ ಪಟ್ಟಿ ಸೊಸೈಟಿ ಗೋಡೆಯ ಮೇಲೆ ಅಂಟಿರುತ್ತಿತ್ತು. ತಾನು ದುಡ್ಡು ಕಟ್ಟಿದ್ದೇನೆ ಅನ್ನುವ ಧೈರ್ಯದಿಂದ ರೈತ ಆಸ್ಪತ್ರೆಯಲ್ಲಿ ನೇರವಾಗಿ ಮಾತಾಡುತ್ತಿದ್ದ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ನನಗೆ ಎರಡು ವರ್ಷ ಕಲಬುರಗಿ ಕಡೆಗೆ ವರ್ಗ ಆಯಿತು. 2010ರಲ್ಲಿ ಅಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಆಗ ಯಡಿಯೂರಪ್ಪ ಅವರ ಬಿಜೆಪಿ ಸರ್ಕಾರ. ಹೃದಯ, ಕ್ಯಾನ್ಸರ್, ಕಿಡ್ನಿ ಇಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಚಿಕಿತ್ಸೆ. ಇಲ್ಲಿ ದುಡ್ಡು ಕಟ್ಟುವುದೂ ಇಲ್ಲ, ಬೇರೆ ಕಾರ್ಡೂ ಬೇಕಿಲ್ಲ, ರೇಷನ್ ಕಾರ್ಡ್ ಸಾಕು. ಜೊತೆಗೆ ಆಸ್ಪತ್ರೆಗಳೇ ಹಳ್ಳಿ ಕಡೆಗೆ ಬಂದು ಕ್ಯಾಂಪ್ ಹಾಕುತ್ತಿದ್ದವು. ಶಾಲೆಯ ಕೋಣೆಯಲ್ಲಿ ಪರೀಕ್ಷೆ ಮಾಡಿ, ನಿಮಗೆ ಇಂಥ ತೊಂದರೆ ಇದೆ, ಇಂಥ ದಿನ ಇಂಥ ಆಸ್ಪತ್ರೆಗೆ ಬನ್ನಿ ಅಂತ ಹೇಳಿ ಕಳಿಸುತ್ತಿದ್ದರು. ಭಾಷಣ ಕೇಳಿ ಮನೆಗೆ ಹೋದವರಿಗಿಂತ ಕ್ಯಾಂಪಿನಿಂದ ಚೀಟಿ ಹಿಡಿದು ಹೋದವರು ಜಾಸ್ತಿ ಜನ ಆಸ್ಪತ್ರೆ ಮುಟ್ಟಿದರು. ಈ ಯೋಜನೆಯ ಬಗ್ಗೆ 572 ಹಳ್ಳಿಗಳಲ್ಲಿ ಅಧ್ಯಯನ ನಡೆದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಆಗುವ ಸಾವು, ಯೋಜನೆ ಇಲ್ಲದ ಕಡೆಗಿಂತ ಶೇಕಡಾ 64ರಷ್ಟು ಕಡಿಮೆ ಇತ್ತು. ಎಷ್ಟು ದೊಡ್ಡ ಮಾತು ಇದು! ನಾನು ಕೇಳಿದ ಯಾವ ಚುನಾವಣಾ ಭಾಷಣದಲ್ಲೂ ಇದು ಬರಲಿಲ್ಲ. ಯೋಜನೆಗೆ ಯಾರ ಹೆಸರಿಟ್ಟಿದ್ದೇವೆ ಅನ್ನುವುದು ಮಾತ್ರ ಬಂತು.

ಇನ್ನು 2018. ಮಾರ್ಚ್ 2ರಂದು ಸಿದ್ದರಾಮಯ್ಯ ಅವರ ಸರ್ಕಾರ ಆರೋಗ್ಯ ಕರ್ನಾಟಕ ಶುರು ಮಾಡಿತು. ಯೋಚನೆ ಒಳ್ಳೆಯದಿತ್ತು. ಹಲವು ಯೋಜನೆಗಳು ಬೇರೆ ಬೇರೆ ಇದ್ದವು, ಎಲ್ಲವನ್ನೂ ಒಂದೇ ಚಾವಣಿ ಕೆಳಗೆ ತರೋಣ ಅಂತ. ಆದರೆ ಮಾರ್ಚ್ 27ಕ್ಕೆ ಚುನಾವಣೆ ಘೋಷಣೆ ಆಗಿ ನೀತಿ ಸಂಹಿತೆ ಬಂತು. ಅಂದರೆ ಆರು ಕೋಟಿ ಜನರಿಗೆ ಇಷ್ಟು ದೊಡ್ಡ ಬದಲಾವಣೆ ವಿವರಿಸಲು ಸಿಕ್ಕಿದ್ದು 25 ದಿನ. ಆ 25 ದಿನದಲ್ಲಿ ಗೋಡೆ ಬರೆಸಿದೆವು. ಆಮೇಲೆ ನಾನೇ ಒಂದು ಬಕೆಟ್ ಮೈದಾ ಅಂಟು, ಹಳೇ ಪೇಪರ್ ಹಿಡಿದುಕೊಂಡು ಹೋಗಿ ಬೋರ್ಡಿನ ಮೇಲಿನ ಫೋಟೋಗಳನ್ನು ಮುಚ್ಚಿಸಿದೆ. ಫೋಟೋ ಪಕ್ಕದಲ್ಲೇ ಸಹಾಯವಾಣಿ ನಂಬರ್ ಇತ್ತು. ಪೇಪರ್ ಅಗಲ ಇತ್ತು, ನಂಬರೂ ಮುಚ್ಚಿಹೋಯಿತು. ಅದು ನನ್ನ ಗಮನಕ್ಕೆ ಬಂದದ್ದು ಎರಡು ವಾರ ಬಿಟ್ಟು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಚುನಾವಣೆ ಮುಗಿದು ಬೇರೆ ಸರ್ಕಾರ ಬಂದ ಮೇಲೆ ಕಾರ್ಡಿಗಾಗಿ ಕ್ಯೂ ಶುರುವಾಯಿತು. ಬೆಳಿಗ್ಗೆ ಐದಕ್ಕೇ ಬಂದು ಚಪ್ಪಲಿ ಇಟ್ಟು ಜಾಗ ಹಿಡಿಯುತ್ತಿದ್ದರು. ಮಗುವನ್ನು ಎತ್ತಿಕೊಂಡ ತಾಯಂದಿರು, ಕೂಲಿ ಬಿಟ್ಟು ಬಂದ ಗಂಡಸರು. ಇವರಲ್ಲಿ ಬಹಳ ಜನಕ್ಕೆ ಯಾವ ಕಾಯಿಲೆಯೂ ಇರಲಿಲ್ಲ! ಕೊನೇ ದಿನಾಂಕ ಇದೆ, ಈಗ ಮಾಡಿಸದಿದ್ದರೆ ಮುಂದೆ ಸಿಗಲ್ಲ ಅಂತ ಯಾರೋ ಹೇಳಿದ್ದರು. ಕೊನೇ ದಿನಾಂಕ ಇರಲೇ ಇಲ್ಲ. ಕಾಯಿಲೆ ಬಂದಾಗ ಆಸ್ಪತ್ರೆಯಲ್ಲೇ ನೋಂದಣಿ ಮಾಡಿಸಬಹುದಿತ್ತು. ಈ ಒಂದು ಸಾಲನ್ನು ಮೊದಲೇ ದಪ್ಪಕ್ಷರದಲ್ಲಿ ಹೇಳಿದ್ದರೆ ಅಷ್ಟು ಜನರ ಒಂದೊಂದು ದಿನದ ಕೂಲಿ ಉಳಿಯುತ್ತಿತ್ತು. ಅಷ್ಟರಲ್ಲಿ ಅಕ್ಟೋಬರ್ 30ಕ್ಕೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಇದನ್ನು ಸೇರಿಸಿದರು. ಹೆಸರು 'ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ' ಆಯಿತು. ಒಂದೇ ವರ್ಷದಲ್ಲಿ ಎರಡು ಹೆಸರು. ಗೋಡೆಗೆ ಮತ್ತೆ ಸುಣ್ಣ, ಮತ್ತೆ ಬರಹ. ಜೋರು ಮಳೆ ಬಂದಾಗ ಹಳೇ ಅಕ್ಷರ ಕೆಳಗಿನಿಂದ ಕಾಣುತ್ತಿತ್ತು.

ಹೆಸರಿನ ಈ ಗೋಳು ನಮ್ಮ ರಾಜ್ಯದ್ದೊಂದೇ ಅಲ್ಲ. ಆಂಧ್ರದಲ್ಲಿ 2007ರಲ್ಲಿ ರಾಜೀವ್ ಆರೋಗ್ಯಶ್ರೀ ಬಂತು. ಚಂದ್ರಬಾಬು ನಾಯ್ಡು ಬಂದ ಮೇಲೆ ಎನ್‌ಟಿಆರ್ ವೈದ್ಯ ಸೇವೆ, ಜಗನ್ ಬಂದ ಮೇಲೆ ವೈಎಸ್‌ಆರ್ ಆರೋಗ್ಯಶ್ರೀ, 2024ರಲ್ಲಿ ಮತ್ತೆ ಎನ್‌ಟಿಆರ್ ವೈದ್ಯ ಸೇವೆ. ತಮಿಳುನಾಡಿನಲ್ಲಿ 2009ರ ಕಲೈಞರ್ ವಿಮೆ, ಜಯಲಲಿತಾ ಬಂದ ಮೇಲೆ ಮುಖ್ಯಮಂತ್ರಿಗಳ ವಿಮೆ ಆಯಿತು. ಪಶ್ಚಿಮ ಬಂಗಾಳದಲ್ಲಂತೂ 2019ರ ಜನವರಿಯಲ್ಲಿ, ಪ್ರಧಾನಿ ಫೋಟೋ ಇರುವ ಪತ್ರಗಳನ್ನು ಮನೆ ಮನೆಗೆ ಕಳಿಸುತ್ತಿದ್ದಾರೆ ಅಂತ ಸಿಟ್ಟಾಗಿ ಮಮತಾ ಬ್ಯಾನರ್ಜಿ ಆಯುಷ್ಮಾನ್ ಭಾರತ್‌ನಿಂದಲೇ ಹೊರಗೆ ಬಂದರು. ಒಂದು ಫೋಟೋ ವಿಷಯಕ್ಕೆ ಒಂದು ರಾಜ್ಯ ಯೋಜನೆ ಬಿಡುವ ಮಟ್ಟಕ್ಕೆ ಹೋಗುತ್ತದೆ ಅಂದರೆ, ಫೋಟೋಗೆ ಎಷ್ಟು ಬೆಲೆ ಬಂದಿದೆ ನೋಡಿ. ಸರ್ಕಾರಿ ಜಾಹೀರಾತಿನಲ್ಲಿ ಫೋಟೋ ಯಾರದ್ದಿರಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಮಿತಿ ಹಾಕಿತು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೋ ಬೇಡ ಅಂದಿತು. ರಾಜ್ಯಗಳು ಮತ್ತೆ ಕೋರ್ಟಿಗೆ ಹೋದವು, 2016ರಲ್ಲಿ ಮುಖ್ಯಮಂತ್ರಿ, ರಾಜ್ಯಪಾಲರು, ಸಚಿವರ ಫೋಟೋಗೂ ಅವಕಾಶ ಸಿಕ್ಕಿತು.

ಪಕ್ಷಗಳು ತಾವು ಮಾಡಿದ್ದನ್ನು ಹೇಳಿಕೊಳ್ಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾರು ಮಾಡಿದರು ಅಂತ ಗೊತ್ತಾಗದೆ ಮತದಾರ ಹೇಗೆ ತೀರ್ಮಾನ ಮಾಡಬೇಕು? ಆದರೆ ಹೆಸರು ಬದಲಾದಾಗಲೆಲ್ಲ ಹಳ್ಳಿಯವರು ಹಳೇದು ಹೋಯಿತು ಅಂದುಕೊಳ್ಳುತ್ತಾರೆ. ಹೊಸದಕ್ಕೆ ಹೊಸ ಕಾರ್ಡ್ ಬೇಕು ಅಂದುಕೊಳ್ಳುತ್ತಾರೆ. ಮಧ್ಯದಲ್ಲಿ ಯಾರಿಗಾದರೂ ಎದೆನೋವು ಬಂದರೆ ಸಾಲ ಮಾಡುತ್ತಾರೆ.

ಈಗ ಐದು ಲಕ್ಷಕ್ಕೆ ಬರೋಣ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ಸಿಗುವ ಮೊತ್ತಕ್ಕೆ. ಎಲ್ಲ ಬ್ಯಾನರ್‌ನಲ್ಲೂ ಇರುವ ಮಾತು. ನಿಜವೇ. ಆದರೆ ಅದು ಇಡೀ ಕುಟುಂಬಕ್ಕೆ ವರ್ಷಕ್ಕೆ, ತಲೆಗೆ ಅಲ್ಲ. ಒಳರೋಗಿಯಾಗಿ ದಾಖಲಾದಾಗ, ಪಟ್ಟಿಯಲ್ಲಿರುವ ಚಿಕಿತ್ಸೆಗೆ, ನೋಂದಾಯಿತ ಆಸ್ಪತ್ರೆಯಲ್ಲಿ. ದಿನಾ ನುಂಗುವ ಬಿಪಿ ಮಾತ್ರೆಗೆ ಆ ದುಡ್ಡು ಬರುವುದಿಲ್ಲ. ಎಪಿಎಲ್ ಕುಟುಂಬ ಆದರೆ ಪ್ಯಾಕೇಜ್ ದರದಲ್ಲಿ ಶೇಕಡಾ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಮುಖ್ಯವಾದದ್ದು ಇನ್ನೂ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಈ ಪತ್ರ ಬೇಡ. ಇದನ್ನು ಹೇಳಿಕೊಡಲು ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. 'ರೆಫರಲ್' ಅನ್ನುವ ಪದ ಇರುವ ಒಂದು ಫ್ಲೆಕ್ಸ್ ನೀವು ನೋಡಿದ್ದೀರಾ? ನೇರ ಖಾಸಗಿಗೆ ಹೋಗಿ ಅಡ್ಮಿಟ್ ಆಗಿ, ಬಿಲ್ ಕೈಗೆ ಬಂದ ಮೇಲೆ ಕಾರ್ಡ್ ತೋರಿಸಿದವರ ಮುಖ ನಾನು ನೋಡಿದ್ದೇನೆ. ಅವರಿಗೆ ಬರುವ ಸಿಟ್ಟು ಯೋಜನೆಯ ಮೇಲೆ, ಸರ್ಕಾರದ ಮೇಲೆ. ಅರ್ಧ ಹೇಳಿದ್ದರಿಂದ ಪಕ್ಷಕ್ಕೂ ನಷ್ಟವೇ.

ಚೆನ್ನಾಗಿ ಹೇಳಿದ ಉದಾಹರಣೆಗಳೂ ಇವೆ. 2008ರ ನವೆಂಬರ್ 1ರಂದು ಶುರುವಾದ ಆಂಬುಲೆನ್ಸ್ ಸೇವೆಯ ಹೆಸರು ಆರೋಗ್ಯ ಕವಚ. ಆ ಹೆಸರು ಎಷ್ಟು ಜನಕ್ಕೆ ನೆನಪಿದೆಯೋ, 108 ಅಂದರೆ ಮಕ್ಕಳಿಗೂ ಗೊತ್ತು. ಏನು ಮಾಡಬೇಕು ಅನ್ನುವುದೇ ಹೆಸರಾಗಿ ಉಳಿಯಿತು. ಹಾಗೆಯೇ ಹೃದಯಾಘಾತ ಆದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಗಂಟೆಯೊಳಗೆ ಇಂಜೆಕ್ಷನ್ ಕೊಡುವ ಯೋಜನೆಗೆ ಪುನೀತ್ ರಾಜ್‌ಕುಮಾರ್ ಹೆಸರಿಟ್ಟರು. 2021ರ ಅಕ್ಟೋಬರ್ 29 ನಮ್ಮೆಲ್ಲರಿಗೂ ನೆನಪಿದೆ. ಅಪ್ಪು ಹೆಸರು ಹೇಳಿದ ಕೂಡಲೇ ಇದು ಎದೆನೋವಿನ ವಿಷಯ, ತಡ ಮಾಡಬಾರದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಹೆಸರೇ ಅರ್ಧ ಕೆಲಸ ಮಾಡುತ್ತದೆ.

ಇನ್ನೊಂದು, ದೂರದ್ದು. 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ಲೇಬರ್ ಪಕ್ಷದ ಸರ್ಕಾರ ಎಲ್ಲರಿಗೂ ಉಚಿತ ವೈದ್ಯಸೇವೆ ಶುರು ಮಾಡಿತು. ವಿರೋಧ ಪಕ್ಷ ಒಪ್ಪಿರಲಿಲ್ಲ, ಡಾಕ್ಟರ್‌ಗಳ ಸಂಘವೇ ಎದುರು ನಿಂತಿತ್ತು. ಅದಕ್ಕೆ ಮುಂಚೆ ಮನೆಗಳಿಗೆ ಒಂದು ಸಣ್ಣ ಕರಪತ್ರ ಹೋಯಿತು. ಬಡವ, ಶ್ರೀಮಂತ, ಹೆಂಗಸು, ಗಂಡಸು, ಮಕ್ಕಳು, ಯಾರು ಬೇಕಾದರೂ ಇದನ್ನು ಬಳಸಬಹುದು. ಇದು ದಾನ ಅಲ್ಲ, ತೆರಿಗೆ ಕಟ್ಟುವ ನೀವೇ ಇದಕ್ಕೆ ದುಡ್ಡು ಕೊಡುತ್ತಿದ್ದೀರಿ. ನಿಮ್ಮ ಡಾಕ್ಟರ್ ಯಾರು ಅಂತ ಈಗಲೇ ಆರಿಸಿಕೊಳ್ಳಿ. ಹೆಚ್ಚುಕಡಿಮೆ ಇದು ಅದರ ಸಾರ. ದುಡ್ಡು ಯಾರದ್ದು ಅಂತ ಹೇಳಿತು, ನಾಳೆ ಏನು ಮಾಡಬೇಕು ಅಂತಲೂ ಹೇಳಿತು. ನಮ್ಮಲ್ಲಿ ಯೋಜನೆಯ ಹೆಸರಲ್ಲೇ 'ಭಾಗ್ಯ' ಇರುತ್ತದೆ, ಭಾಷಣದಲ್ಲಿ 'ನಾವು ಕೊಟ್ಟಿದ್ದೇವೆ' ಇರುತ್ತದೆ. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವ ಹೆಂಗಸು ಆಸ್ಪತ್ರೆಯ ಕೌಂಟರ್ ಮುಂದೆ ಕೈ ಮುಗಿದು ನಿಲ್ಲುತ್ತಾಳೆ. ಆ ಅಮ್ಮನೂ ಹಾಗೇ ನಿಂತಿದ್ದರು.

ನಮ್ಮಲ್ಲಿ ದಾರಿ ಹೇಳುವವರು ಕೊನೆಗೆ ಆಶಾ ಕಾರ್ಯಕರ್ತೆಯರೇ. ಯೋಜನೆ ಯಾವ ಪಕ್ಷದ್ದೇ ಇರಲಿ, ಮನೆ ಬಾಗಿಲಿಗೆ ಹೋಗಿ "ಅಕ್ಕಾ, ರೇಷನ್ ಕಾರ್ಡ್ ಮರೀಬೇಡಿ" ಅನ್ನುವುದು ಅವರು. ಆ ಆಶಾ ಅಕ್ಕಂದಿರೇ 2025ರ ಜನವರಿಯ ಚಳಿಯಲ್ಲಿ ತಿಂಗಳಿಗೆ ಇಂತಿಷ್ಟು ಗೌರವಧನ ಖಾತ್ರಿ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಫ್ಲೆಕ್ಸ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಅವರಿಗೆ ಹೋಗಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಸಲ ಮತ ಕೇಳಲು ಯಾವ ಪಕ್ಷದವರು ಬಂದರೂ, ಪ್ರಣಾಳಿಕೆಯ ಆರೋಗ್ಯದ ಪುಟ ತೆಗೆದು ಕೂರಿಸಿಕೊಂಡು ಕೇಳಿ. ನಮ್ಮ ಮನೆಯಲ್ಲಿ ರಾತ್ರಿ ಹತ್ತಕ್ಕೆ ಎದೆನೋವು ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ಕಾಗದ ಹಿಡಿದಿರಬೇಕು, ಯಾರನ್ನು ಕೇಳಬೇಕು? ಹಳೇ ಕಾರ್ಡ್ ನಡೆಯುತ್ತದಾ? ಅವರಿಗೆ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬನ್ನಿ ಅನ್ನಿ. ಒಂದು ಊರಿನಲ್ಲಿ ಹೀಗೆ ಕೇಳಿದ ಮೇಲೆ ಒಬ್ಬ ಹುಡುಗ, ಪಕ್ಷದ ಬೂತ್ ಕಾರ್ಯಕರ್ತ, ನಮ್ಮ ಆಫೀಸಿಗೆ ಬಂದು ಎಲ್ಲಾ ಬರೆದುಕೊಂಡು ಹೋದ. ಅದನ್ನು ಝೆರಾಕ್ಸ್ ಮಾಡಿಸಿ ಮನೆ ಮನೆಗೆ ಹಂಚಿದ. ಮೇಲೆ ತನ್ನ ಪಕ್ಷದ ಚಿಹ್ನೆ ಹಾಕಿಕೊಂಡಿದ್ದ, ಹಾಕಿಕೊಳ್ಳಲಿ.

ಆ ಅಮ್ಮನ ವಿಷಯ ಹೇಳಿಬಿಡುತ್ತೇನೆ. ಮಾರನೇ ದಿನ ರೇಷನ್ ಕಾರ್ಡ್ ತಂದರು, ರೆಫರಲ್ ಪತ್ರ ಆಯಿತು, ಯಜಮಾನರಿಗೆ ಆಪರೇಷನ್ನೂ ಆಯಿತು. ಎರಡು ತಿಂಗಳ ಮೇಲೆ ಅವರೇ ಬಂದು ಒಂದು ಚೀಲ ಹಲಸಂದೆಕಾಯಿ ಕೊಟ್ಟು ಹೋದರು.

ಈ ಸಭೆಯ ಪೋಸ್ಟರ್‌ನಲ್ಲಿ ನಿಮ್ಮ ಕಾರ್ಡ್ ತನ್ನಿ ಅಂತ ಹಾಕಿಸಿದ್ದೆ. ತಂದಿರುವವರು ಮುಂದೆ ಬನ್ನಿ. ಒಂದೊಂದೇ ನೋಡೋಣ, ಯಾವುದು ನಡೆಯುತ್ತದೆ ಅಂತ.