ಸರ್ಪಸುತ್ತು ಬಂದಾಗ ರಕ್ತಪರೀಕ್ಷೆ ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಮಲೆನಾಡಿನಲ್ಲಿ ಮೈ ಕೆರೆದುಕೊಳ್ಳದ ಮನೆಯೇ ಇಲ್ಲ. ಬಟ್ಟೆ ಒಣಗುವುದಿಲ್ಲ, ಗದ್ದೆ ತೋಟದಲ್ಲಿ ಕಾಲು ಸದಾ ನೆಂದಿರುತ್ತದೆ. ಹಾಗಾಗಿ ಚರ್ಮದ ತೊಂದರೆಯನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಎಚ್‌ಐವಿ ದೇಹದೊಳಗೆ ಇದೆ ಎಂಬ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಚರ್ಮದಲ್ಲೇ.

ಸರ್ಪಸುತ್ತನ್ನೇ ನೋಡಿ. ಚಿಕನ್‌ಪಾಕ್ಸ್, ಅಂದರೆ ನಾವು ಅಮ್ಮ ಎನ್ನುತ್ತೇವಲ್ಲ, ಅದರ ವೈರಸ್ ವಾಸಿಯಾದ ಮೇಲೂ ನರದ ಬುಡದಲ್ಲಿ ಉಳಿದಿರುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ಒಂದು ನರದ ದಾರಿ ಹಿಡಿದು, ಮೈಯ ಒಂದೇ ಪಕ್ಕದಲ್ಲಿ ನೀರುಗುಳ್ಳೆ ಏಳುತ್ತವೆ, ವಿಪರೀತ ಉರಿ. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಹೆದರಿ ಕೆಮ್ಮಣ್ಣು ಬಳಿಸಿಕೊಳ್ಳುವವರು ಈಗಲೂ ಇದ್ದಾರೆ. ದಯವಿಟ್ಟು ಅದರಲ್ಲಿ ದಿನ ಕಳೆಯಬೇಡಿ. ಈ ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ. ವಯಸ್ಸಾದವರಿಗೆ ಸರ್ಪಸುತ್ತು ಬರುವುದು ಸಾಮಾನ್ಯ. ಚಿಕ್ಕ ವಯಸ್ಸಿನವರಿಗೆ ಬಂದರೆ ಅಥವಾ ಮತ್ತೆ ಮತ್ತೆ ಬಂದರೆ, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಬಿಡಿ. ಬಂದವರಿಗೆಲ್ಲ ಎಚ್‌ಐವಿ ಇರುತ್ತದೆ ಎಂದಲ್ಲ. ಇದ್ದರೆ ಬೇಗ ಗೊತ್ತಾಗಲಿ ಎಂದಷ್ಟೇ.

ಕೈಕಾಲಿನ ಮೇಲೆ ತಿಂಗಳುಗಟ್ಟಲೆ ಹೋಗದ ತುರಿಕೆ ಗುಳ್ಳೆ, ಬಾಯೊಳಗೆ ಬಿಳಿ ಅಗ್ರ, ಎಷ್ಟು ಹಚ್ಚಿದರೂ ಹರಡುವ ಹುಳುಕಡ್ಡಿ, ಇವನ್ನೂ ಸೊಳ್ಳೆ ಕಡಿತ, ಉಷ್ಣ ಎಂದು ಸುಮ್ನೆ ಬಿಡಬಾರದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುವುದು ಜಾಸ್ತಿ. ಎರಡು ದಿನ ತುರಿಕೆ ಅಡಗುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಬೆಳೆಯುತ್ತದೆ.

ಈಗಾಗಲೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು. ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಏಳಬಹುದು. ನೀವಾಗಿಯೇ ಮಾತ್ರೆ ಬಿಡಬೇಡಿ, ಮಾತ್ರೆ ಕೊಟ್ಟ ಎಆರ್‌ಟಿ ಕೇಂದ್ರದಲ್ಲಿ ತೋರಿಸಿ. ದದ್ದಿನ ಜೊತೆ ಜ್ವರ ಬಂದರೆ, ಬಾಯಿ ಕಣ್ಣು ಹುಣ್ಣಾದರೆ, ಚರ್ಮ ಸುಲಿಯತೊಡಗಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೊರಡಬೇಕು, ರಾತ್ರಿಯಾದರೂ ಸರಿ. ಮಾತ್ರೆ ಕ್ರಮವಾಗಿ ತೆಗೆದುಕೊಂಡವರಲ್ಲಿ ಈ ಚರ್ಮದ ಕಾಟ ಬಹಳಷ್ಟು ಇಳಿಯುತ್ತದೆ.

ಮನೆಯವರೇ, ಎಚ್‌ಐವಿ ಇರುವವರ ಬೆನ್ನಿಗೆ ಮುಲಾಮು ಹಚ್ಚಲು ಹಿಂಜರಿಯಬೇಡಿ. ಮುಟ್ಟಿದರೆ ಎಚ್‌ಐವಿ ಬರುವುದಿಲ್ಲ. ಗುಳ್ಳೆ ಒಡೆದಿದ್ದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕಜ್ಜಿಯಾಗಿದ್ದರೆ ಮಾತ್ರ ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಹಚ್ಚಿಕೊಳ್ಳಬೇಕು, ಅಲ್ವಾ?

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಎಆರ್‌ಟಿ ಮಾತ್ರೆಯೂ ಉಚಿತ. ನಿಮ್ಮ ಫಲಿತಾಂಶವನ್ನು ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಕಾಯಿದೆಯೇ ಹೇಳುತ್ತದೆ. ಹೋಗುವ ಮೊದಲು ಏನಾದರೂ ಕೇಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ. ನಮಸ್ಕಾರ.