ಗಾಡಿ ಬಂತು, ಹುಡುಗೀರು ಬಂದ್ರು: ಮಹಾರಾಣಿ ಶಾಲೆ ಬಗ್ಗೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ. ಈ ಮೈಕು ಸ್ವಲ್ಪ ಕೆಳಗೆ ಮಾಡ್ತೀಯೇನಪ್ಪಾ... ಹಾಂ, ಸಾಕು ಸಾಕು.

ಸ್ವಾಗತ ಭಾಷಣದಲ್ಲಿ ಅರಮನೆ ಔದಾರ್ಯದ ಬಗ್ಗೆ ಬಹಳ ಚೆನ್ನಾಗಿ ಹೇಳಿದ್ರು, ನನ್ನ ತಕರಾರೇನೂ ಇಲ್ಲ. 1881ರಲ್ಲಿ, ಬ್ರಿಟಿಷರು ಐವತ್ತು ವರ್ಷ ತಮ್ಮ ಕೈಲಿಟ್ಕೊಂಡಿದ್ದ ರಾಜ್ಯಾನ ಒಡೆಯರಿಗೆ ವಾಪಸ್ ಕೊಟ್ಟ ವರ್ಷವೇ, ಮೈಸೂರಲ್ಲಿ ಈ ಶಾಲೆ ಶುರುವಾಯ್ತು, ದರ್ಬಾರ್ ಬಕ್ಷಿ, ಅಂದ್ರೆ ಅರಮನೆಯ ದೊಡ್ಡ ಅಧಿಕಾರಿ ಆಗಿದ್ದ ಎ. ನರಸಿಂಹ ಅಯ್ಯಂಗಾರ್ರು ಮುಂದೆ ನಿಂತು ಮಾಡಿದ್ರು, ಚಾಮರಾಜ ಒಡೆಯರೂ ಮಹಾರಾಣಿ ಕೆಂಪನಂಜಮ್ಮಣ್ಣಿಯವರೂ ಬೆನ್ನಿಗಿದ್ರು. ಇದೆಲ್ಲ ಈ ಹಾಲ್‌ನಲ್ಲಿ ಕೂತಿರೋರಿಗೆ ಬಾಯಿಪಾಠ. ನಾನು ಹೇಳೋಕೆ ಬಂದಿರೋದು ಗಾಡಿ ವಿಷಯ.

ನಗ್ಬೇಡಿ. ಶಾಲೆ ಕಟ್ಟೋದು ಸುಲಭ ಕಣ್ರೀ, ದುಡ್ಡಿದ್ರೆ ಯಾರು ಬೇಕಾದ್ರೂ ಕಟ್ತಾರೆ. ಆದ್ರೆ ಮನೆ ಹೊಸ್ತಿಲಿಂದ ಶಾಲೆ ಬಾಗಿಲ ತನಕ ಇರೋ ರಸ್ತೆ ಇದ್ಯಲ್ಲ, ಅದು ಯಾರದ್ದು? ಆಗಿನ ಕಾಲದಲ್ಲಿ ಎಂಟು ಒಂಬತ್ತು ವರ್ಷದ ಹುಡುಗಿ ಅಂದ್ರೆ ಮದುವೆ ಮಾತು ಶುರುವಾಗಿದೆ ಅಂತ ಅರ್ಥ, ಅವಳು ರಸ್ತೇಲಿ ಸ್ಲೇಟು ಹಿಡ್ಕೊಂಡು ನಡೆದು ಹೋದ್ರೆ ಬೀಗರ ಕಡೆಯವರು ಏನಂತಾರೆ. ಅದಕ್ಕೇ ಮುಚ್ಚಿದ ಗಾಡಿ ಕಳಿಸಿದ್ರು. ಮೊದಮೊದಲು ಮೇಲ್ಜಾತಿ ಹಿಂದೂ ಮನೆ ಹುಡುಗೀರಿಗೆ ಮಾತ್ರ ಪ್ರವೇಶ, ಇದನ್ನ ನಾವು ಮುಚ್ಚಿಡಬಾರದು. ಉಳಿದವರ ಮನೆ ಮುಂದೆ ಆ ಗಾಡಿ ನಿಲ್ಲಲಿಲ್ಲ. ಪಾಠದಲ್ಲೂ ಅಷ್ಟೇ, ಸಂಸ್ಕೃತ, ಸಂಗೀತ, ವೀಣೆ. ಅಂದ್ರೆ ಮನೆ ಹಿರಿಯರು ಬೇಡ ಅನ್ನೋಕೆ ಒಂದೂ ನೆಪ ಸಿಗಬಾರದು. ಕೆಲವರು ಇದನ್ನ ಸಂಪ್ರದಾಯಕ್ಕೆ ಶರಣಾಗಿದ್ದು ಅಂತ ಬರೀತಾರೆ, ನಾನದನ್ನ ಪಕ್ಕಾ ವ್ಯವಹಾರ ಅಂತೀನಿ.

ನಮ್ಮಜ್ಜಿ ಆ ಗಾಡೀಲಿ ಹೋದೋರು. ಅವರಿಗೆ ಪಾಠ ಏನ್ ಮಾಡಿದ್ರು ಅಂತ ಕೇಳಿದ್ರೆ ಒಂದೂ ಸರಿಯಾಗಿ ಹೇಳ್ತಿರ್ಲಿಲ್ಲ, ಗಾಡಿ ಬಗ್ಗೆ ಕೇಳಿದ್ರೆ ಮಾತ್ರ ನಿಲ್ಲಿಸ್ತಿರ್ಲಿಲ್ಲ! ಕೆಳಗೆ ಹಾಸಿದ ಹುಲ್ಲು ಚುಚ್ತಿತ್ತಂತೆ, ದೊಡ್ಡ ಹುಡುಗೀರು ಪರದೆ ಪಕ್ಕದ ಜಾಗ ಬಿಟ್ಕೊಡ್ತಿರ್ಲಿಲ್ಲವಂತೆ, ಯಾಕಂದ್ರೆ ಪರದೇಲಿ ಯಾರೋ ಪುಣ್ಯಾತ್ಗಿತ್ತಿ ಹೇರ್‌ಪಿನ್ನಲ್ಲೋ ಏನಲ್ಲೋ ಒಂದು ತೂತು ಮಾಡಿಟ್ಟಿದ್ಲು, ಅದರಲ್ಲಿ ಕಣ್ಣಿಟ್ರೆ ಇಡೀ ಪೇಟೆ ಕಾಣ್ತಿತ್ತು. ಆಳು ಬಂದು ಆ ತೂತಿಗೆ ಹೊಲಿಗೆ ಹಾಕಿದ್ರೆ ಮಾರನೇ ವಾರ ಅದರ ಪಕ್ಕದಲ್ಲೇ ಇನ್ನೊಂದು. ಒಂದಿನ ಗಾಡಿಗೆ ಬರ್ತಿದ್ದ ಒಬ್ಬ ಹುಡುಗಿ ಬರಲಿಲ್ಲ, ಮದುವೆ ಆಯ್ತಂತೆ, ಅವಳ ಜಾಗಕ್ಕೆ ಜಗಳ ಶುರು. ಅಜ್ಜಿ ಇದನ್ನ ನಗ್ತಾನೇ ಹೇಳೋರು.

ಮದುವೆ ಅಂದ್ನಲ್ಲ, 1894ರಲ್ಲಿ ಮೈಸೂರು ಸರ್ಕಾರ ಕಾನೂನು ಮಾಡಿ ಎಂಟು ವರ್ಷದೊಳಗಿನ ಹುಡುಗೀರ ಮದುವೆ ನಿಲ್ಲಿಸಿತು, ಐವತ್ತು ದಾಟಿದ ಗಂಡಸು ಹದಿನಾಲ್ಕರ ಕೆಳಗಿನ ಹುಡುಗೀನ ಮದುವೆ ಆಗಂಗಿಲ್ಲ ಅಂತಾನೂ ಹೇಳಿತು. ಎಂಟು ವರ್ಷ! ಅದನ್ನೇ ಆಗ ಬಹಳ ದೊಡ್ಡ ಸುಧಾರಣೆ ಅಂದ್ರು. ಹಂಗಿದ್ದಾಗ ಹೈಸ್ಕೂಲು ತನಕ ಯಾರು ಉಳೀತಾರೆ? ಬಹಳಷ್ಟು ಸಲ ಉಳಿದೋರು, ಇಲ್ಲಾ ಮತ್ತೆ ಬಂದೋರು ವಿಧವೆಯರು. ಸ್ಕಾಲರ್‌ಶಿಪ್ ಕೊಟ್ಟು ಅವರನ್ನ ಟೀಚರ್ ಮಾಡಿದ್ರು. ಮನೇಲಿ ಮೂಲೆಗೆ ಕೂರಿಸಿದ್ದ ಹೆಂಗಸು ಇಲ್ಲಿ ಮೇಷ್ಟ್ರಮ್ಮ. ಇಲ್ಲೇ ಪಕ್ಕದ ನಂಜನಗೂಡಲ್ಲಿ ತಿರುಮಲಾಂಬ ಇದ್ರಲ್ಲ, ಚಿಕ್ಕ ವಯಸ್ಸಲ್ಲೇ ವಿಧವೆ ಆದೋರು, ಶಾಲೆ ಇಲ್ದೇ ತಾವೇ ಓದ್ಕೊಂಡು ಬರೆದ್ರು, 1913ರಲ್ಲಿ ಸತೀ ಹಿತೈಷಿಣಿ ಗ್ರಂಥಮಾಲೆ ಶುರು ಮಾಡಿದ್ರು, ಆಮೇಲೆ ಪತ್ರಿಕೇನೂ ನಡೆಸಿದ್ರು. ಮೈಸೂರಿಂದ ನಂಜನಗೂಡು ಎಷ್ಟು ದೂರ ಹೇಳಿ? ಅಷ್ಟು ದೂರಕ್ಕೆ ಗಾಡಿ ಹೋಗಲಿಲ್ಲ, ಅಷ್ಟೇ.

ಇನ್ನೊಬ್ಬರ ಕಥೆ ಹೇಳ್ಬೇಕು, ಸರಳಾದೇವಿ ಘೋಷಾಲ್. ರವೀಂದ್ರನಾಥ ಟಾಗೋರರ ಅಕ್ಕ ಸ್ವರ್ಣಕುಮಾರಿ ದೇವಿಯವರ ಮಗಳು, ಕಲ್ಕತ್ತದ ಬೆಥೂನ್ ಕಾಲೇಜಲ್ಲಿ ಓದಿ ಬಿ.ಎ. ಮಾಡಿದೋರು. ಗಂಡಸರ ಹಾಗೆ ನಾನೂ ಮನೆ ಬಿಟ್ಟು ದುಡೀಬೇಕು ಅಂತ ಹಠ ಹಿಡಿದು, 1890ರ ದಶಕದಲ್ಲಿ ಅಷ್ಟು ದೂರದಿಂದ ಬಂದು ನಮ್ಮ ಮಹಾರಾಣಿ ಶಾಲೇಲಿ ಪಾಠ ಮಾಡಿದ್ರು. ದುಡ್ಡಿಲ್ದೆ ಅಲ್ಲ, ಟಾಗೋರರ ಮನೆ ಹುಡುಗಿ! ಬಹಳ ದಿನ ಇರಲಿಲ್ಲ. ಒಂದು ರಾತ್ರಿ ಅವರ ರೂಮಿಗೆ ಯಾರೋ ನುಗ್ಗಿದ, ಅದಾದ ಮೇಲೆ ವಾಪಸ್ ಹೋದ್ರು. ನೋಡಿ, ಅವರನ್ನೂ ಓಡಿಸಿದ್ದು ಕ್ಲಾಸ್‌ರೂಮಲ್ಲ. ಹೋಗ್ವಾಗ ಇಲ್ಲಿ ಕಲಿತ ಹಾಡುಗಳನ್ನ ಕಟ್ಕೊಂಡು ಹೋಗಿ ಸೋದರಮಾವನಿಗೆ ಹಾಡಿ ತೋರಿಸಿದ್ರು, 'ಆನಂದಲೋಕೇ ಮಂಗಳಾಲೋಕೇ' ಹುಟ್ಟಿದ್ದು ಆ ಮೈಸೂರು ಮಟ್ಟಿಂದ. ಬಂಗಾಳಿಗಳು ಅದನ್ನ ಇವತ್ತಿಗೂ ಹಾಡ್ತಾರೆ, ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ಸಲ ಪ್ರಾರ್ಥನೆಗೆ ಇದನ್ನಾದ್ರೂ ಇಟ್ಕೊಳ್ರಮ್ಮಾ, ಪ್ರತಿ ಸಲ ಅದೇ ಹಾಡು ಕೇಳಿ ಕೇಳಿ ಸಾಕಾಗಿದೆ.

ಚೀಟಿ ಬಂತು. ಐದು ನಿಮಿಷವಂತೆ. ಸರಿ, ಕಾಲೇಜಾಗಿದ್ದು, ಆಮೇಲೆ ಯೂನಿವರ್ಸಿಟಿ ಕಥೆ ಎಲ್ಲಾ ಬಿಡ್ತೀನಿ, ಪುಸ್ತಕಗಳಲ್ಲಿದೆ.

ಎನ್‌ಟಿಎಂ, ಅಂದ್ರೆ ನ್ಯೂ ಟೈಪ್ ಮಾಡೆಲ್ ಶಾಲೆ ವಿಷಯ ಮಾತ್ರ ಬಿಡಕ್ಕಾಗಲ್ಲ. ನಾರಾಯಣಶಾಸ್ತ್ರಿ ರಸ್ತೆಯ ಮಹಾರಾಣಿ ಎನ್‌ಟಿಎಂ ಶಾಲೆ, ವಿವೇಕಾನಂದರ ಸ್ಮಾರಕಕ್ಕೆ ಜಾಗ ಬೇಕು ಅಂತ ವರ್ಷಗಟ್ಟಲೆ ಕೋರ್ಟು, ಧರಣಿ ಎಲ್ಲಾ ಆಗಿ 2022ರ ಫೆಬ್ರವರೀಲಿ ಕಟ್ಟಡ ಕೆಡವಿದ್ರು. ಸ್ಮಾರಕ ಬೇಕು ಅಂದೋರೂ ನಮ್ಮೋರೇ, ಶಾಲೆ ಉಳೀಲಿ ಅಂದೋರೂ ನಮ್ಮೋರೇ, ಇವತ್ತು ಇಲ್ಲಿ ಎರಡೂ ಕಡೆಯವರು ಅಕ್ಕಪಕ್ಕ ಕೂತಿದ್ದೀರಿ, ನಂಗೆ ಕಾಣಿಸ್ತಾ ಇದೆ. ಹೆಣ್ಣುಮಕ್ಕಳು ಓದಬೇಕು ಅಂದ ಸ್ವಾಮೀಜಿ ಹೆಸರಲ್ಲಿ ಹೆಣ್ಣುಮಕ್ಕಳ ಶಾಲೆ ಹೋಯ್ತಲ್ಲ ಅನ್ನೋದು ನಂಗಿನ್ನೂ ನುಂಗಕ್ಕಾಗ್ತಿಲ್ಲ. ಅದೇ ವರ್ಷ ಅಕ್ಟೋಬರಲ್ಲಿ ಮಹಾರಾಣಿ ಸೈನ್ಸ್ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ ತಾನೇ ಕುಸೀತು. ಒಂದನ್ನ ಕೆಡವಿದ್ವಿ, ಇನ್ನೊಂದನ್ನ ನೋಡ್ಕೊಳ್ಲಿಲ್ಲ.

ಮತ್ತೆ ಗಾಡಿಗೇ ಬಂದೆ ನೋಡಿ. 2006ರಲ್ಲಿ ಸರ್ಕಾರ ಎಂಟನೇ ಕ್ಲಾಸ್ ಮಕ್ಕಳಿಗೆ ಸೈಕಲ್ ಕೊಡೋ ಸ್ಕೀಮ್ ತಂತಲ್ಲ, ನನ್ನ ಪ್ರಕಾರ ಅದು ಈ ಶಾಲೆಯ ಇತಿಹಾಸದ ಭಾಗವೇ. 2023ರ ಶಕ್ತಿ ಬಸ್ಸೂ ಅಷ್ಟೇ. ಬಸ್ಸಲ್ಲಿ ರಶ್ಶು ಅಂತ ಬೈಕೊಳ್ಳೋ ಗಂಡಸರೇ, ಸ್ವಲ್ಪ ನಿಂತ್ಕೊಂಡ್ ಹೋಗಿ, ಏನಾಗಲ್ಲ.

ಮುಗಿಸ್ತೀನಿ, ಬೆಲ್ ಮಾಡ್ಬೇಡಮ್ಮ. ಒಂದೇ ಕೋರಿಕೆ, ಇಲ್ಲಿ ಓದಿದೋರ ಮನೇಲಿ ಅಜ್ಜಿಯರ ಹಳೇ ಟ್ರಂಕಲ್ಲಿ ಟಿಸಿ, ಬಹುಮಾನ ಪುಸ್ತಕ, ಗ್ರೂಪ್ ಫೋಟೊ ಏನಿದ್ರೂ ಸರಿ, ಮಡಿಕೆ ಬಿಚ್ಚಿ ಹರೀದಂಗೆ ಫೋಟೊ ತೆಗೆದು ಹಿಂದೆ ಹೆಸರಿದ್ರೆ ಅದನ್ನೂ ತೆಗೆದು ಕಾರ್ಯದರ್ಶಿಗಳಿಗೆ ಕೊಡಿ. ಊಟ ಆದ್ಮೇಲೆ ಬಾಗಿಲ ಹತ್ರ ಒಂದು ರಿಜಿಸ್ಟರ್ ಇಟ್ಟಿರ್ತಾರೆ, ಪೆನ್ನು ಮಾತ್ರ ನೀವೇ ತಂದ್ಬಿಡಿ.