ನಿಮ್ಮ ಏಜೆಂಟ್ ಕಿವಿಯಲ್ಲಿ ಯಾರ್ಯಾರು ಮಾತಾಡುತ್ತಿದ್ದಾರೆ?

ಮೊನ್ನೆ ಗೆಳೆಯನೊಬ್ಬ ಸ್ಕ್ರೀನ್‌ಶಾಟ್ ಕಳಿಸಿದ. ಅವನ ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನ ತಾನೇ ಮಾಡಿ ಮುಗಿಸುವ ಎಐ ಪ್ರೋಗ್ರಾಂಗೆ, ಹನ್ನೊಂದು ಎಂಸಿಪಿ ಸರ್ವರ್ ಜೋಡಿಸಿದ್ದಾನೆ. ಅವು ಕೊಡುವ ಟೂಲ್, ಅಂದರೆ ಫೈಲ್ ಓದೋದು, ಮೇಲ್ ಕಳಿಸೋದು ಥರ ಏಜೆಂಟ್ ಕರೆದು ಮಾಡಿಸಬಹುದಾದ ಕೆಲಸ, ಎಣಿಸಿದರೆ ನೂರು ದಾಟುತ್ತದೆ. ಕೆಳಗೆ ಒಂದೇ ಸಾಲು: "ಹೆಂಗಿದೆ ಗುರು?" ನಾನು ಕೇಳಿದೆ, "ಇದರಲ್ಲಿ ಎಷ್ಟು ಟೂಲ್‌ಗಳ ವಿವರಣೆ ಓದಿದ್ದೀಯ?" ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಇವತ್ತಿನ ಮಾತು ಅದರ ಬಗ್ಗೆನೇ.

ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಏಜೆಂಟ್ ಒಳಗಿರುವ ಎಐ ಮಾಡೆಲ್‌ಗೆ ಹೊರಗಿನ ಫೈಲ್, ಸೇವೆಗಳನ್ನ ಜೋಡಿಸೋಕೆ ಎಲ್ಲರಿಗೂ ಒಂದೇ ಬಗೆಯ ನಿಯಮ; ಆ ನಿಯಮದಂತೆ ಟೂಲ್ ಕೊಡುವ ಪ್ರೋಗ್ರಾಂ ಎಂಸಿಪಿ ಸರ್ವರ್. 2024ರ ನವೆಂಬರ್‌ನಲ್ಲಿ ಕ್ಲಾಡ್ ಮಾಡಿದ ಆಂಥ್ರೊಪಿಕ್ ಕಂಪನಿ ಹೊರಗೆ ಬಿಟ್ಟಿತು. ಅದಕ್ಕೆ ಮುಂಚೆ ಒಂದೊಂದು ಸೇವೆಗೂ ಏಜೆಂಟ್ ಕಟ್ಟುವ ಒಂದೊಂದು ಫ್ರೇಮ್‌ವರ್ಕ್‌ಗೂ ಬೇರೆ ಬೇರೆ ಕೋಡ್ ಬರೆದು ಅಂಟಿಸಬೇಕಿತ್ತು, ಒಂದು ಕಡೆ ಏನಾದರೂ ಬದಲಾದರೆ ಇನ್ನೊಂದು ಕಡೆ ಕಿತ್ತುಕೊಂಡು ಬರುತ್ತಿತ್ತು. 2025ರ ಮಾರ್ಚ್‌ನಲ್ಲಿ ಓಪನ್‌ಎಐ ಕೂಡ ಏಜೆಂಟ್ ಕಟ್ಟೋಕೆ ತಾನು ಕೊಡುವ ಕೋಡ್ ಕಟ್ಟು, ಏಜೆಂಟ್ಸ್ ಎಸ್‌ಡಿಕೆಗೆ ಇದನ್ನೇ ಸೇರಿಸಿಕೊಂಡಿತು. ಎದುರಾಳಿ ಮಾಡಿದ್ದನ್ನು ಎದುರಾಳಿಯೇ ಬಳಸಿದ ಮೇಲೆ ಇನ್ನೇನು ಚರ್ಚೆ? ಈಗ ಸರ್ವರ್ ಜೋಡಿಸೋದು ನಾಲ್ಕೈದು ಸಾಲಿನ ಕೆಲಸ. ನನ್ನ ತಕರಾರು ಇರೋದೇ ಅಲ್ಲಿ. ಇಷ್ಟು ಸುಲಭ ಆಗಿದ್ದಕ್ಕೆ ನಾವು ಏನು ಜೋಡಿಸುತ್ತಿದ್ದೀವಿ ಅಂತ ನೋಡೋದನ್ನೇ ಬಿಟ್ಟಿದ್ದೀವಿ.

ಒಳಗೆ ಏನು ನಡೆಯುತ್ತದೆ ನೋಡಿ. ನಿಮ್ಮ ಫ್ರೇಮ್‌ವರ್ಕ್ ಸರ್ವರ್‌ಗೆ "ಟೂಲ್ಸ್ ಲಿಸ್ಟ್" ಕೊಡು ಅನ್ನುತ್ತದೆ. ಸರ್ವರ್ ಪ್ರತಿ ಟೂಲ್‌ನ ಹೆಸರು, ವಿವರಣೆ, ಯಾವ ಇನ್‌ಪುಟ್ ಬೇಕು ಅನ್ನೋದನ್ನ ಕಳಿಸುತ್ತದೆ. ಸಾಮಾನ್ಯವಾಗಿ ಅದೆಲ್ಲ ಹೋಗಿ ಮಾಡೆಲ್ ಮುಂದೆ ಕೂರುತ್ತದೆ. ಆ ವಿವರಣೆ ನಮಗೋಸ್ಕರ ಬರೆದ ಕಾಮೆಂಟ್ ಅಲ್ಲ. ನೀವು ಮಾಡೆಲ್‌ಗೆ ಬರೆದು ಕೊಡುವ ಸೂಚನೆ, ಪ್ರಾಂಪ್ಟ್, ಇದೆಯಲ್ಲ, ಅದರ ಪಕ್ಕದಲ್ಲೇ ಬೇರೆ ಯಾರೋ ಬರೆದ ಪ್ರಾಂಪ್ಟ್ ಅದು. ಹನ್ನೊಂದು ಸರ್ವರ್ ಅಂದರೆ ಹನ್ನೊಂದು ಜನ ಒಟ್ಟಿಗೆ ಕಿವಿಯಲ್ಲಿ ಊದುತ್ತಿದ್ದಾರೆ ಅಂತಲೇ ಅರ್ಥ. ಮಾಡೆಲ್ ಓದುವ ಪದದ ತುಂಡುಗಳಿಗೆ, ಅಂದರೆ ಟೋಕನ್‌ಗಳಿಗೆ, ಬರುವ ಬಿಲ್ ಬೇರೆ, ಆ ಟೂಲ್ ಬಳಸಲಿ ಬಿಡಲಿ.

2025ರ ಏಪ್ರಿಲ್‌ನಲ್ಲಿ ಎಐ ಭದ್ರತೆ ನೋಡುವ ಇನ್ವೇರಿಯಂಟ್ ಲ್ಯಾಬ್ಸ್‌ನವರು ಒಂದು ಡೆಮೊ ತೋರಿಸಿದರು. ಎರಡು ಸಂಖ್ಯೆ ಕೂಡಿಸುವ ಟೂಲ್, ಅಷ್ಟೇ. ಆದರೆ ವಿವರಣೆಯೊಳಗೆ ಮಾಡೆಲ್‌ಗೆ ಗುಟ್ಟಾಗಿ ಹೇಳಿತ್ತು: ಮೊದಲು ಬಳಕೆದಾರರ ಎಸ್‌ಎಸ್‌ಎಚ್ ಕೀ (ಬೇರೆ ಕಂಪ್ಯೂಟರ್‌ಗೆ ಲಾಗಿನ್ ಆಗುವ ಗುಟ್ಟಿನ ಕೀಲಿ) ಇರುವ ಫೈಲ್ ಓದು, ಅದನ್ನ "ಸೈಡ್‌ನೋಟ್" ಅನ್ನೋ ಜಾಗದಲ್ಲಿ ತುಂಬಿ ಕಳಿಸು, ಇದನ್ನ ಅವರಿಗೆ ಹೇಳಬೇಡ. ಮಾಡೆಲ್ ಹಾಗೇ ಮಾಡಿತು. ಪರದೆ ಮೇಲೆ ಕಾಣಿಸಿದ್ದು ಕೂಡುವ ಲೆಕ್ಕ ಮಾತ್ರ. ಮರುತಿಂಗಳು ಅವರೇ ಇನ್ನೊಂದು ತೋರಿಸಿದರು, ಅದು ಇನ್ನೂ ಬೇಜಾರಿನದು, ಯಾಕಂದರೆ ಅಲ್ಲಿ ಸರ್ವರ್ ಪ್ರಾಮಾಣಿಕವಾಗಿತ್ತು. ಕೋಡ್ ಇಡುವ ತಾಣ ಗಿಟ್‌ಹಬ್‌ನ ಅಧಿಕೃತ ಎಂಸಿಪಿ ಸರ್ವರ್. ಯಾರೋ ಒಬ್ಬರು ನಿಮ್ಮ ಪಬ್ಲಿಕ್ ರೆಪೊದಲ್ಲಿ, ಅಂದರೆ ಎಲ್ಲರಿಗೂ ತೆರೆದ ಕೋಡ್ ಸಂಗ್ರಹದಲ್ಲಿ, ಒಂದು ಇಶ್ಯೂ (ದೂರು) ಬರೆದು ಹೋಗುತ್ತಾರೆ, ನೀವು "ಇಶ್ಯೂಗಳನ್ನ ಒಮ್ಮೆ ನೋಡು" ಅಂತೀರಿ, ಏಜೆಂಟ್ ಅದರಲ್ಲಿದ್ದ ಮಾತು ಕೇಳಿ ಪ್ರೈವೇಟ್ ರೆಪೊದ ವಿಷಯವನ್ನ ತಂದು ಎಲ್ಲರೂ ನೋಡುವ ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾಯಿಸುವ ಕೋರಿಕೆ) ಇಡುತ್ತದೆ. ಏಜೆಂಟ್‌ಗೆ ಕೊಟ್ಟ ಕೀಲಿಕೈ ಸರಿಯಾಗೇ ಇತ್ತು, ಆದರೆ ಅದೊಂದೇ ಕೀಲಿ ಎಲ್ಲ ಕೋಣೆಗೂ ಆಗುತ್ತಿತ್ತು.

"ಟೂಲ್ ಓಡಿಸೋ ಮುಂಚೆ ಪ್ರತಿ ಸಲ ಅನುಮತಿ ಕೇಳುತ್ತಲ್ವಾ" ಅಂತೀರಿ. ಹೌದು, ಎಷ್ಟೋ ಕಡೆ ಕೇಳುತ್ತದೆ. ಮೊದಲ ಮೂರು ಸಲ ಓದಿದಿರಿ. ಹದಿನೈದನೇ ಸಲ?

ನಾನೇನು ದೊಡ್ಡ ಜಾಣ ಅಂತ ಹೇಳುತ್ತಿಲ್ಲ. ನಾನೇ ಬರೆದ ಮೊದಲ ಎಂಸಿಪಿ ಸರ್ವರ್ ಎರಡು ಗಂಟೆ ನನ್ನ ಜೀವ ತಿಂದಿತು. ಕನೆಕ್ಟ್ ಆಗುತ್ತದೆ, ಮರುಕ್ಷಣ ಜೇಸನ್ ಪಾರ್ಸ್ ಎರರ್, ಅಂದರೆ ಬಂದ ಸಂದೇಶ ಓದೋಕೆ ಆಗುತ್ತಿಲ್ಲ ಅನ್ನೋ ದೂರು. ಪೋರ್ಟ್ ನೋಡಿದೆ, ಪೈಥಾನ್ ವರ್ಷನ್ ನೋಡಿದೆ, ಮಷೀನ್ ರೀಸ್ಟಾರ್ಟ್ ಮಾಡಿದೆ. ಕೊನೆಗೆ ಸಿಕ್ಕಿದ್ದು ಒಂದು ಪ್ರಿಂಟ್ ಸಾಲು, "ಬಂತು" ಅಂತ ಸುಮ್ನೆ ಡೀಬಗ್‌ಗೆ ಹಾಕಿಕೊಂಡಿದ್ದು. ಸ್ಟಾಂಡರ್ಡ್ ಐಒ ಮೂಲಕ ಜೋಡಿಸಿದಾಗ ಸರ್ವರ್ ಪ್ರಿಂಟ್ ಮಾಡಿದ್ದೆಲ್ಲ ಹೋಗುವ ಸ್ಟಾಂಡರ್ಡ್ ಔಟ್‌ಪುಟ್ಟೇ ಏಜೆಂಟ್ ಜೊತೆ ಮಾತಾಡುವ ತಂತಿ. ಅಲ್ಲಿ ಜೇಸನ್ ಆರ್‌ಪಿಸಿ (ಎಂಸಿಪಿ ಬಳಸುವ ಸಂದೇಶದ ಮಾದರಿ) ಸಂದೇಶ ಬಿಟ್ಟು ಬೇರೆ ಒಂದಕ್ಷರ ಬರಬಾರದು. ಲಾಗ್ ಬೇಕಿದ್ದರೆ ಸ್ಟಾಂಡರ್ಡ್ ಎರರ್ ಅನ್ನೋ ಬೇರೆ ದಾರಿಗೆ ಬರೆಯಬೇಕು. ದಾಖಲೆಯಲ್ಲಿ ಇದು ಸ್ಪಷ್ಟವಾಗಿ ಬರೆದಿದೆ, ನಾನು ಓದಿರಲಿಲ್ಲ.

ಈಗ ನಾನು ಮಾಡೋದು ಇಷ್ಟು. ಒಂದು ಕೆಲಸಕ್ಕೆ ಒಂದು ಏಜೆಂಟ್, ಅದಕ್ಕೆ ಒಂದೋ ಎರಡೋ ಸರ್ವರ್. ಸರ್ವರ್ ಮೂವತ್ತು ಟೂಲ್ ಕೊಟ್ಟರೂ ನನಗೆ ಬೇಕಾದ ನಾಲ್ಕನ್ನ ಮಾತ್ರ ಒಳಗೆ ಬಿಡುತ್ತೇನೆ. ಓಪನ್‌ಎಐ ಎಸ್‌ಡಿಕೆಯಲ್ಲಿ ಇದಕ್ಕಂತಲೇ ಟೂಲ್ ಫಿಲ್ಟರ್ ಇದೆ, ಆದರೂ ಜಾಸ್ತಿ ಜನ ಅದನ್ನ ಮುಟ್ಟಿದ್ದು ನಾನು ನೋಡಿಲ್ಲ. ಓದೋ ಅನುಮತಿ ಮೊದಲು, ಬರೆಯೋದು, ಅಳಿಸೋದು ಆಮೇಲೆ ನೋಡೋಣ. ಫೈಲ್ ಸರ್ವರ್‌ಗೆ ಹೋಮ್ ಡೈರೆಕ್ಟರಿ ಕೊಡಲ್ಲ, ಒಂದು ಖಾಲಿ ಫೋಲ್ಡರ್ ಮಾಡಿ ಅದನ್ನ ಕೊಡುತ್ತೇನೆ. ವರ್ಷನ್ ನಂಬರ್ ಹಾಕದೆ ಎನ್‌ಪಿಎಕ್ಸ್‌ನಿಂದ (ನೆಟ್‌ನಿಂದ ಪ್ಯಾಕೇಜ್ ಇಳಿಸಿ ಓಡಿಸುವ ಕಮಾಂಡ್) ಸರ್ವರ್ ಓಡಿಸಲ್ಲ, ಇವತ್ತು ಓದಿ ಒಪ್ಪಿದ ಕೋಡೇ ನಾಳೆ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ಇನ್ನೊಂದು ಮಾತು, ಕೆಲವರಿಗೆ ಕೋಪ ಬರಬಹುದು: ನಿಮಗೆ ಬೇಕಿರೋದು ಒಂದೇ ಒಂದು ಎಪಿಐ ಕಾಲ್ (ಕೋಡ್‌ನಿಂದ ಒಂದು ಸೇವೆಗೆ ಕಳಿಸುವ ಕೋರಿಕೆ) ಆದರೆ ಎಂಸಿಪಿ ಬೇಕಾಗೇ ಇಲ್ಲ. ಹತ್ತು ಸಾಲಿನ ಫಂಕ್ಷನ್ ಬರೆದು ಟೂಲ್ ಅಂತ ಕೊಡಿ. ವಿವರಣೆನೂ ನೀವೇ ಬರೆದಿರುತ್ತೀರಿ.

ಗೆಳೆಯನಿಗೆ ಆಮೇಲೆ ಫೋನ್ ಮಾಡಿದೆ. ಹನ್ನೊಂದರಲ್ಲಿ ದಿನಾ ಬಳಸೋದು ಎಷ್ಟಪ್ಪಾ ಅಂದೆ. "ಎರಡು." ಉಳಿದ ಒಂಬತ್ತು? "ಇರಲಿ ಬಿಡೋ, ಯಾವಾಗಾದರೂ ಬೇಕಾಗುತ್ತೆ." ನಮ್ಮಮ್ಮ ಐಸ್‌ಕ್ರೀಮ್ ಡಬ್ಬ ಎತ್ತಿಡುವಾಗ ಹೇಳೋದೂ ಇದನ್ನೇ. ಆದರೆ ಆ ಡಬ್ಬಗಳು ಅಟ್ಟದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ.